ಕಷ್ಟದ ಮನೆಗಾಗಿ ಭಜನೆ ಸಂಜೆ: ಮೊದಲ ಮಾತಿನಿಂದ ಲೆಕ್ಕ ಒಪ್ಪಿಸುವವರೆಗೆ

ಕಷ್ಟದಲ್ಲಿರುವ ಒಂದು ಮನೆಗೆ ದುಡ್ಡು ಎತ್ತಲು ಇಟ್ಟ ಭಜನೆಗೆ ನೂರೈವತ್ತು ಜನ ಬಂದಿದ್ದರು. ಮೈಕ್ ಚೆನ್ನಾಗಿತ್ತು, ಹಾಡೂ ಚೆನ್ನಾಗಿತ್ತು. ಕೊನೆಗೆ ಡಬ್ಬ ತೆಗೆದರೆ ನಾಲ್ಕು ಸಾವಿರ ಚಿಲ್ಲರೆ. ಶಾಮಿಯಾನಕ್ಕೂ ಮೈಕಿಗೂ ಸೇರಿ ಆರು ಸಾವಿರ ಖರ್ಚಾಗಿತ್ತು. "ಜನರ ಮನಸ್ಸು ಕಲ್ಲಾಗಿದೆ ಬಿಡ್ರಿ" ಅಂತ ಫೋನ್ ಮಾಡಿದವರು ಬೇಜಾರು ಮಾಡಿಕೊಂಡರು. ಈ ವರ್ಷ ನನಗೆ ಬಂದ ಇಂಥ ಮೂರನೇ ಫೋನ್ ಅದು.

ಮನಸ್ಸೇನೂ ಕಲ್ಲಾಗಿರಲಿಲ್ಲ. ಕೇಳಿದ ಕ್ರಮ ತಪ್ಪಿತ್ತು, ಅಷ್ಟೇ. ದಾವಣಗೆರೆಯ ನಮ್ಮ ಬೀದಿಯಲ್ಲಿ ಹನ್ನೊಂದು ವರ್ಷದಿಂದ ಇಂಥ ಸಂಜೆ ಮಾಡುತ್ತಿದ್ದೇವೆ. ಆಸ್ಪತ್ರೆ ಬಿಲ್ಲಿಗೆ, ಸುಟ್ಟುಹೋದ ಅಂಗಡಿಗೆ, ದುಡಿಯುವ ಕೈ ಹೋದ ಮನೆಗೆ. ನಾನು ಹಾರ್ಮೋನಿಯಂ ಹಿಡಿಯುತ್ತೇನೆ, ಲೆಕ್ಕವನ್ನೂ ಬರೆಯುತ್ತೇನೆ. ಮೊದಲ ಎರಡು ವರ್ಷ ನಾವೂ ಇದೇ ತಪ್ಪುಗಳನ್ನೆಲ್ಲ ಮಾಡಿದೆವು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಹಾರಿಸಿದರೆ ಅದರ ಮುಂದಿನದು ಕುಂಟುತ್ತದೆ.

ಬೇಕಾಗುವುದು

ಕನಿಷ್ಠ ಹತ್ತು ದಿನ. ಒಂದು ಹಾರ್ಮೋನಿಯಂ ಅಥವಾ ಫೋನಿನ ಶ್ರುತಿಪೆಟ್ಟಿಗೆ, ಒಂದು ತಬಲಾ ಅಥವಾ ದಮ್ಮಡಿ, ನಾಲ್ಕು ಜೊತೆ ತಾಳ. ಜಮಖಾನೆ. ದಪ್ಪ ಬಟ್ಟೆಯ ಎರಡು ಜೋಳಿಗೆ. ಅಂಗೈ ಅಗಲದ ಬಿಳಿ ಚೀಟಿ ಇನ್ನೂರು, ತುಂಡು ಪೆನ್ಸಿಲ್ ಇಪ್ಪತ್ತು. ಗೆರೆ ಹಾಕಿದ ಲೆಕ್ಕದ ಪುಸ್ತಕ ಒಂದು. ಶಾಮಿಯಾನ, ಬ್ಯಾನರ್, ಶಾಲು, ಹಾರ ಯಾವುದೂ ಬೇಡ. ಶಾಲು ಬಂತು ಅಂದರೆ ಅದನ್ನು ಹೊದಿಸಿಕೊಳ್ಳುವವರು ಬರುತ್ತಾರೆ, ಅವರ ಹಿಂದೆ ಭಾಷಣ ಬರುತ್ತದೆ.

1. ಮೊದಲು ಆ ಮನೆಯ ಹೊಸಿಲಿಗೆ ಹೋಗಿ

ಯಾರಿಗಾಗಿ ಮಾಡುತ್ತೀರೋ ಅವರನ್ನು ಕೇಳದೆ ಒಂದು ಹೆಜ್ಜೆಯೂ ಇಡಬೇಡಿ. ಇಬ್ಬರೇ ಹೋಗಿ. ಅದರಲ್ಲಿ ಒಬ್ಬರು ಹೆಂಗಸಾಗಿರಲಿ. ಎಷ್ಟೋ ಮನೆಯಲ್ಲಿ ನಿಜವಾದ ಸಾಲದ ಲೆಕ್ಕ ಅಡುಗೆಮನೆಯಲ್ಲಿ ಮಾತ್ರ ಸಿಗುತ್ತದೆ.

ಮೂರು ವಿಷಯ ಕೇಳಿ. ಇದನ್ನು ಮಾಡಬಹುದಾ? ನಿಮ್ಮ ಹೆಸರು ಹೇಳಬಹುದಾ, ಅಥವಾ 'ನಮ್ಮ ಬೀದಿಯ ಒಂದು ಮನೆ' ಅಂದರೆ ಸಾಕಾ? ಆ ಸಂಜೆ ನೀವು ಬರುತ್ತೀರಾ? ಬರುವುದಿಲ್ಲ ಅಂದರೆ ಒತ್ತಾಯ ಬೇಡ. ಬಂದರೆ ಎಲ್ಲರ ಮಧ್ಯೆ ಕೂರಿಸಿ. ಮುಂದಿನ ಸಾಲಿನಲ್ಲಿ ಕೂರಿಸಿ ಕಡೆಗೆ ಕೈ ಮುಗಿಸುವುದು ಮಾತ್ರ ಖಂಡಿತ ಬೇಡ.

ಮನೆಯಲ್ಲಿ ಸಾವಾಗಿದ್ದರೆ ಇನ್ನೊಂದು ಪ್ರಶ್ನೆ ಇದೆ. ಕೆಲವರಿಗೆ ಸೂತಕ ಕಳೆಯುವವರೆಗೆ ವಾದ್ಯ ಆಗದು. ಇನ್ನು ಕೆಲವರ ಮನೆಯಲ್ಲಿ ಹೆಣದ ಮುಂದೆಯೇ ರಾತ್ರಿಯಿಡೀ ಭಜನೆ ನಡೆಯುತ್ತದೆ. ಹಿರಿಯರೊಬ್ಬರನ್ನು ಕೇಳಿ, ಅವರು ಹೇಳಿದ ಹಾಗೆ ದಿನ ಹಿಡಿಯಿರಿ.

2. ಕೊರತೆ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆಯಿರಿ

"ತುಂಬ ಕಷ್ಟದಲ್ಲಿದ್ದಾರೆ" ಅಂದರೆ ಜನ ಹತ್ತು ರೂಪಾಯಿ ಹಾಕುತ್ತಾರೆ. "ಶಸ್ತ್ರಚಿಕಿತ್ಸೆಗೆ ಇನ್ನು 38,000 ಬೇಕು, ನಾಲ್ಕು ತಿಂಗಳು ಔಷಧಿಗೆ ತಿಂಗಳಿಗೆ 2,200" ಅಂದರೆ ಮನಸ್ಸಿನಲ್ಲೇ ಲೆಕ್ಕ ಹಾಕಿ ತಮ್ಮ ಪಾಲು ಎಷ್ಟು ಅಂತ ಗೊತ್ತು ಮಾಡಿಕೊಳ್ಳುತ್ತಾರೆ.

ಆಸ್ಪತ್ರೆ ವಿಷಯವಾದರೆ, ದುಡ್ಡು ಎತ್ತುವ ಮೊದಲು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಸಿಗುತ್ತದಾ ನೋಡಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಯೋಜನೆ ಗೊತ್ತು ಮಾಡಿದ ಚಿಕಿತ್ಸಾ ದರದ) ಶೇಕಡಾ 30 ಭಾಗ ಸಿಗುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುರ್ತು ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕಾಗುತ್ತದೆ. ಒಂದು ಸಲ ನಾವು ಇದನ್ನು ವಿಚಾರಿಸದೆ ಭಜನೆ ಮುಗಿಸಿದೆವು. ಆಮೇಲೆ ನೋಡಿದರೆ ಬಿಲ್ಲಿನ ಮುಕ್ಕಾಲು ಭಾಗ ಯೋಜನೆಯಲ್ಲೇ ಹೋಗುತ್ತಿತ್ತು. ಬೀದಿಯವರಿಗೆ ಉತ್ತರ ಹೇಳುವುದರಲ್ಲಿ ಸಾಕಾಯಿತು.

ಇನ್ನೊಂದು ತೊಡಕು ತೆರಿಗೆಯದು. ನೆಂಟರಲ್ಲದವರಿಂದ ಒಬ್ಬರಿಗೆ ಒಂದು ಆರ್ಥಿಕ ವರ್ಷದಲ್ಲಿ ಬಂದ ದುಡ್ಡು 50,000 ರೂಪಾಯಿ ದಾಟಿದರೆ, ದಾಟಿದ ಭಾಗ ಮಾತ್ರವಲ್ಲ, ಪೂರ್ತಿ ಮೊತ್ತವೇ ಅವರ ಆದಾಯದ ಲೆಕ್ಕಕ್ಕೆ ಸೇರುತ್ತದೆ. ದೊಡ್ಡ ಮೊತ್ತ ಆಗುವ ಹಾಗಿದ್ದರೆ ಮೊದಲೇ ಪರಿಚಯದ ಆಡಿಟರನ್ನು ಕೇಳಿ. ನಾವಂತೂ ಆದಷ್ಟೂ ಬಿಲ್ಲನ್ನೇ ಕಟ್ಟುತ್ತೇವೆ. ಆಸ್ಪತ್ರೆ ಕೌಂಟರ್, ಔಷಧಿ ಅಂಗಡಿ, ಸ್ಕೂಲ್ ಫೀಸು, ಎಲ್ಲಕ್ಕೂ ರಸೀದಿ ಇರುತ್ತದೆ.

3. ದುಡ್ಡು ಮುಟ್ಟುವ ಮೂವರನ್ನು ಗೊತ್ತು ಮಾಡಿ

ಒಬ್ಬರು ಎಣಿಸುವವರು, ಒಬ್ಬರು ಬರೆಯುವವರು, ಒಬ್ಬರು ಸುಮ್ನೆ ನೋಡುವವರು. ಮೂವರೂ ಬೇರೆ ಬೇರೆ ಮನೆಯವರು, ಸಾಧ್ಯವಾದರೆ ಬೇರೆ ಬೇರೆ ಜಾತಿ-ಗುಂಪಿನವರು ಆಗಿರಲಿ. ಬಾಯಿಬಿಟ್ಟು ಹೇಳಲು ಮುಜುಗರ, ಆದರೆ ಜನ ಮೊದಲು ನೋಡುವುದೇ ಅದನ್ನು. ಕಷ್ಟದಲ್ಲಿರುವವರ ನೆಂಟರು ಈ ಮೂವರಲ್ಲಿ ಬೇಡ. ಚುನಾವಣೆಗೆ ನಿಲ್ಲುವ ಆಸೆ ಇರುವವರೂ ಬೇಡ.

ಕ್ಯೂಆರ್ ಕೋಡ್ ಇಡುವುದಾದರೆ ಒಂದೇ ಖಾತೆ ಇರಲಿ. ಹಾಳೆಯ ಮೇಲೆ ಖಾತೆದಾರರ ಹೆಸರನ್ನು ದಪ್ಪಕ್ಷರದಲ್ಲಿ ಬರೆಯಿರಿ. "ಹಣ ಕಳಿಸುವ ಮುಂಚೆ ಈ ಹೆಸರು ಬಂತಾ ನೋಡಿ" ಅಂತಲೂ ಹಾಕಿ. ಸ್ಕ್ರೀನ್‌ಶಾಟನ್ನು ಗುಂಪಿಗೆ ಹಾಕಬೇಡಿ ಅಂತ ಮೊದಲೇ ಹೇಳಿಬಿಡಿ. ಒಬ್ಬರು 5,000 ಅಂತ ಸ್ಕ್ರೀನ್‌ಶಾಟ್ ಹಾಕಿದ ಕ್ಷಣ, 50 ಕಳಿಸಬೇಕೆಂದಿದ್ದ ಹತ್ತು ಜನ ಫೋನ್ ಜೇಬಿಗಿಟ್ಟುಕೊಳ್ಳುತ್ತಾರೆ.

4. ಜಾಗ ಮತ್ತು ಹೊತ್ತು

ಸಮುದಾಯ ಭವನಕ್ಕಿಂತ ಬೀದಿಯ ಕಟ್ಟೆ, ಗುಡಿಯ ಪೌಳಿ, ಯಾರದ್ದಾದರೂ ದೊಡ್ಡ ಪಡಸಾಲೆ ಒಳ್ಳೆಯದು. ಗುಡಿಯೊಳಗೆ ಬರಲು ಹಿಂಜರಿಯುವ ಮನೆಗಳಿದ್ದರೆ ಕಟ್ಟೆಯೇ ಸರಿ. ಸಂಜೆ ಆರೂಮುಕ್ಕಾಲಿಗೆ ಶುರು, ಎಂಟೂಕಾಲಿಗೆ ಮುಗಿತಾಯ. ಒಂದೂವರೆ ಗಂಟೆಗಿಂತ ಜಾಸ್ತಿ ಬೇಡ.

ಎಪ್ಪತ್ತು ಎಂಬತ್ತು ಜನಕ್ಕೆ ಮೈಕ್ ಬೇಕಾಗುವುದಿಲ್ಲ. ಮೈಕ್ ಇದ್ದರೆ ಒಬ್ಬರು ಹಾಡುತ್ತಾರೆ, ಉಳಿದವರು ಕೇಳುತ್ತಾರೆ. ನಮಗೆ ಬೇಕಿರುವುದು ಎಲ್ಲರೂ ಹಾಡುವುದು. ಇಡಲೇಬೇಕು ಅಂದರೆ ಪೊಲೀಸ್ ಠಾಣೆಯಿಂದ ಲಿಖಿತ ಅನುಮತಿ ತಗೊಳ್ಳಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ.

5. ಕರೆಯುವಾಗ ಒಂದೊಂದು ಕೆಲಸ ಕೊಟ್ಟು ಕರೆಯಿರಿ

ಬರೀ "ಬನ್ನಿ" ಅಂದರೆ ಅರ್ಧ ಜನ ಬರುವುದಿಲ್ಲ. ವಾಟ್ಸಾಪಿನಲ್ಲಿ ಕಳಿಸಿದರೆ ಹೆಬ್ಬೆಟ್ಟು ಬರುತ್ತದೆ, ಜನ ಬರುವುದಿಲ್ಲ. ಮನೆಮನೆಗೆ ಹೋಗಿ. ಹೋದಾಗ ಏನಾದರೂ ಕೇಳಿ, ದುಡ್ಡು ಬಿಟ್ಟು.

"ಅಕ್ಕಾ, ನಿಮ್ಮನೆ ಜಮಖಾನೆ ಒಂದು ಬೇಕಿತ್ತು." "ಅಣ್ಣಾ, ಒಂದು ಬಲ್ಬು ಎಳೆದು ಕೊಡ್ತೀರಾ?" "ಅಜ್ಜಿ, ನಿಮಗೆ ಸೋಬಾನೆ ಪದ ಬರುತ್ತಲ್ಲ, ಒಂದು ಹೇಳಿಕೊಡಬೇಕು." ಹುಡುಗರಿಗೆ ತಾಳ ಒರೆಸುವ ಕೆಲಸ, ಚೀಟಿ ಕತ್ತರಿಸುವ ಕೆಲಸ.

ಜಮಖಾನೆ ಕೊಟ್ಟವರು ಅದನ್ನು ನೋಡಲಿಕ್ಕಾದರೂ ಬರುತ್ತಾರೆ. ಬಂದ ಮೇಲೆ ಅವರು ಅತಿಥಿಯಲ್ಲ, ಮನೆಯವರು. ಆಮೇಲೆ ಜೋಳಿಗೆ ಮುಂದೆ ಬಂದಾಗ ಅವರಿಗೆ ಅದು ಹೊರಗಿನವರು ಕೇಳಿದ ಹಾಗೆ ಅನ್ನಿಸುವುದಿಲ್ಲ. ಈ ಹಂತಕ್ಕೆ ನಾಲ್ಕು ಸಂಜೆ ಬೇಕು. ಹೆಚ್ಚಿನವರು ಕೈ ಬಿಡುವುದೂ ಇದನ್ನೇ.

6. ಹಾಡು: ಚೆನ್ನಾಗಿ ಹಾಡುವವರನ್ನು ಹಿಂದೆ ಕೂರಿಸಿ

ನನಗೆ ಜಗಳ ತಂದಿಟ್ಟ ನಿಯಮ ಇದು. ಆದರೂ ಬಿಡುವುದಿಲ್ಲ. ಊರಿನ ಒಳ್ಳೆಯ ಗಾಯಕರು ಮುಂದೆ ಕೂತು ಆಲಾಪ ಶುರು ಮಾಡಿದರೆ ಉಳಿದ ಎಂಬತ್ತು ಬಾಯಿ ಮುಚ್ಚುತ್ತವೆ. ಕೇಳುಗರಾಗಿ ಕೂತವರು ಕೊನೆಗೆ ಚಪ್ಪಾಳೆ ಕೊಡುತ್ತಾರೆ. ನಮಗೆ ಅವತ್ತು ಬೇಕಿರುವುದು ಚಪ್ಪಾಳೆಯಲ್ಲ. ಒಳ್ಳೆಯ ಕಂಠದವರನ್ನು ಜನರ ನಡುವೆ ನಾಲ್ಕು ಕಡೆ ಹಂಚಿ ಕೂರಿಸಿ. ಅಕ್ಕಪಕ್ಕದವರು ಅವರ ಧ್ವನಿಗೆ ಜೋತುಬಿದ್ದು ಹಾಡುತ್ತಾರೆ.

ಎಲ್ಲರೂ ದುಂಡಗೆ ಕೂರಲಿ. ಹಾರ್ಮೋನಿಯಂ ಸುತ್ತಿನಲ್ಲೇ ಒಂದು ಕಡೆ ಇರಲಿ, ಎತ್ತರದಲ್ಲಿ ಬೇಡ.

ಶ್ರುತಿ ಎಲ್ಲಕ್ಕಿಂತ ಜಾಸ್ತಿ ಎಡವುವ ಜಾಗ. ಗಂಡಸರು ಸಾಮಾನ್ಯವಾಗಿ ಕಪ್ಪು ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆ, ಅಂದರೆ ಕೀಲಿ) ಆಸುಪಾಸು ಹಾಡುತ್ತಾರೆ, ಹೆಂಗಸರು ಕಪ್ಪು ನಾಲ್ಕರ ಆಸುಪಾಸು. ಕಪ್ಪು ಒಂದಕ್ಕೆ ಹಿಡಿದರೆ ಹೆಂಗಸರ ಧ್ವನಿ ತಳ ಸೇರುತ್ತದೆ, ಕಪ್ಪು ನಾಲ್ಕಕ್ಕೆ ಹಿಡಿದರೆ ಗಂಡಸರು ಕಿರುಚುತ್ತಾರೆ. ಹೀಗೆ ಮಾಡಿ: ಹಿಂದಿನ ದಿನ, ಹಾಡು ಬರುವುದೇ ಇಲ್ಲ ಅನ್ನುವ ಒಬ್ಬ ಗಂಡಸು, ಒಬ್ಬ ಹೆಂಗಸನ್ನು ಕೂರಿಸಿ ಪಲ್ಲವಿ ಹೇಳಿಸಿ. ಇಬ್ಬರಿಗೂ ಕೊರಳು ಬಿಗಿಯದ ಮನೆ ಎಲ್ಲಿದೆಯೋ ಅಲ್ಲಿಗೆ ಶ್ರುತಿ ಇಡಿ. ಒಂದು ಹಾಡು ಗಂಡಸರ ಮನೆಗೆ, ಒಂದು ಹಾಡು ಹೆಂಗಸರ ಮನೆಗೆ ಅಂತ ಬದಲಿಸುತ್ತ ಹೋದರೂ ಆಗುತ್ತದೆ.

ಹಾಡಿನ ಆಯ್ಕೆಗೆ ಒಂದೇ ಪರೀಕ್ಷೆ. ಪಲ್ಲವಿಯನ್ನು ಎರಡು ಸಲ ಕೇಳಿದ ಹುಡುಗ ಮೂರನೇ ಸಲ ಹೇಳಬೇಕು. ದಾಸರ ಪದ, ವಚನ, ತತ್ವಪದ, ಜನಪದ ಎಲ್ಲದರಲ್ಲೂ ಅಂಥವು ಬೇಕಾದಷ್ಟಿವೆ. ಒಬ್ಬರು ಒಂದು ಸಾಲು ಎತ್ತುವುದು, ಉಳಿದವರು ಸೊಲ್ಲು ಹಿಡಿಯುವುದು. ಬೀದಿಯಲ್ಲಿ ಎಲ್ಲ ಮತದವರೂ ಇದ್ದರೆ ತತ್ವಪದ, ಜನಪದ ಜಾಸ್ತಿ ಇರಲಿ. ಯಾರೋ ತಮ್ಮ ದೇವರ ಪದ ಹೇಳುತ್ತೇನೆ ಅಂದರೆ ಅವರಿಗೂ ಒಂದು ಸರದಿ ಕೊಡಿ.

ನಮ್ಮ ಕ್ರಮ ಹೀಗಿದೆ:

- ಮೊದಲ ಮೂರು ಹಾಡು ಎಲ್ಲರಿಗೂ ಬರುವಂಥವು, ನಿಧಾನದ ಲಯ. ಜನ ಇನ್ನೂ ಬರುತ್ತಿರುತ್ತಾರೆ.
- ಮುಂದಿನ ನಾಲ್ಕು ಚಪ್ಪಾಳೆ, ತಾಳದ ಹಾಡು. ಮಕ್ಕಳನ್ನು ಮುಂದೆ ಬಿಡಿ.
- ಆಮೇಲೆ ಎರಡು ನಿಮಿಷ ಮಾತು. ಒಬ್ಬರೇ, ಹಾಳೆ ನೋಡಿ ಓದುವುದು.
- ಮಾತು ಮುಗಿದ ತಕ್ಷಣ ಉದ್ದದ, ಮೆತ್ತಗಿನ ಒಂದು ಪದ. ಜೋಳಿಗೆ ಹೊರಡುವುದು ಈಗ.
- ಜೋಳಿಗೆ ಮರಳಿದ ಮೇಲೆ ಎರಡು ಹುರುಪಿನ ಹಾಡು, ಕೊನೆಗೆ ಮಂಗಳ.

ಜೋಳಿಗೆಯ ನಂತರ ಹಾಡು ಇರಲೇಬೇಕು. ಕೊಟ್ಟವರು ಕೊಟ್ಟ ತಕ್ಷಣ ಎದ್ದು ಹೋದರೆ ಅದು ಟಿಕೆಟಿನ ದುಡ್ಡು ಕೊಟ್ಟಂತಾಗುತ್ತದೆ. ಜೋಳಿಗೆ ತೀರ ಮೊದಲು ಬಂದರೆ ಇನ್ನೂ ಕೆಟ್ಟದ್ದು. ಚಪ್ಪಲಿ ಬಿಡುವ ಜಾಗದಲ್ಲೇ ಡಬ್ಬ ಇಟ್ಟವರನ್ನು ನೋಡಿದ್ದೇನೆ. ಜನ ಆ ಡಬ್ಬಕ್ಕೆ ಬೆನ್ನು ಹಾಕಿ ಒಳಗೆ ಹೋಗುತ್ತಾರೆ.

7. ಜೋಳಿಗೆ ಹಿಡಿಯುವ ರೀತಿ

ಸ್ಟೀಲ್ ಡಬ್ಬ, ತಟ್ಟೆ, ಪಾರದರ್ಶಕ ಪೆಟ್ಟಿಗೆ ಯಾವುದೂ ಬೇಡ. ಸ್ಟೀಲ್ ಡಬ್ಬದಲ್ಲಿ ನಾಣ್ಯ ಬಿದ್ದರೆ ಠಣ್ ಅನ್ನುತ್ತದೆ, ನೋಟು ಬಿದ್ದರೆ ಸದ್ದಿಲ್ಲ. ನಾಣ್ಯ ಹಾಕಿದವರು ಯಾರು ಅಂತ ಇಡೀ ಬೀದಿಗೆ ಕೇಳಿಸುತ್ತದೆ.

ನಮ್ಮ ಜೋಳಿಗೆ ಕಾವಿ ಬಣ್ಣದ ದಪ್ಪ ಬಟ್ಟೆಯದು, ಎರಡು ಪದರ. ತಳದಲ್ಲಿ ಹಳೇ ಟವೆಲ್ ಹೊಲಿದಿದ್ದೇವೆ. ಬಾಯಿ ಒಂದು ಮುಷ್ಟಿ ಹೋಗುವಷ್ಟೇ ಅಗಲ. ನಿಯಮ ಇಷ್ಟೇ: ಕೂತ ಪ್ರತಿಯೊಬ್ಬರೂ ಮುಷ್ಟಿ ಬಿಗಿಹಿಡಿದು ಮಣಿಕಟ್ಟಿನವರೆಗೆ ಕೈ ಒಳಗೆ ಹಾಕಬೇಕು, ಮುಷ್ಟಿಯಾಗಿಯೇ ಹೊರಗೆ ತೆಗೆಯಬೇಕು. ಏನೂ ಇಲ್ಲದವರೂ ಅಷ್ಟೇ. ಕೊಟ್ಟರೋ ಇಲ್ಲವೋ ಪಕ್ಕದವರಿಗೂ ತಿಳಿಯುವುದಿಲ್ಲ. ಜೋಳಿಗೆ ಹಿಡಿದವರು ಹಾಡುತ್ತ, ಮುಖ ಬೇರೆ ಕಡೆ ತಿರುಗಿಸಿರಬೇಕು. ಈ ಕೆಲಸಕ್ಕೆ ಹೈಸ್ಕೂಲಿನ ಮಕ್ಕಳು ಸರಿ. ಬೀದಿಯ ಗಣ್ಯರು ಹಿಡಿದರೆ ದಾಕ್ಷಿಣ್ಯಕ್ಕೆ ಕೊಡುತ್ತಾರೆ, ಮುಂದಿನ ಸಲ ಬರುವುದಿಲ್ಲ.

ಬರುವಾಗಲೇ ಎಲ್ಲರಿಗೂ ಒಂದು ಚೀಟಿ ಕೊಟ್ಟಿರಿ. ದುಡ್ಡು ಹಾಕುವವರು ಚೀಟಿಯಲ್ಲಿ ಸುತ್ತಿ ಹಾಕಬಹುದು. ದುಡ್ಡಿನ ಬದಲು ಏನಾದರೂ ಕೆಲಸ ಮಾಡಿಕೊಡುವವರು ಅದನ್ನು ಬರೆದು ಹಾಕಬಹುದು. ಕೆಲಸದ ಚೀಟಿಯಲ್ಲಿ ಮಾತ್ರ ಹೆಸರು ಬೇಕು. ಹೋದ ಸಲ ಬಂದ ಕೆಲವು ಚೀಟಿ: "ಸೋಮವಾರ, ಗುರುವಾರ ಆಸ್ಪತ್ರೆಗೆ ಬುತ್ತಿ ನಮ್ಮನೆಯಿಂದ." "ಮಕ್ಕಳನ್ನು ಸ್ಕೂಲಿಗೆ ನನ್ನ ಆಟೋದಲ್ಲಿ ಬಿಡ್ತೀನಿ, ಏಪ್ರಿಲ್ ತನಕ." "ರಾತ್ರಿ ರೋಗಿ ಹತ್ತಿರ ಮಲಗ್ತೀನಿ, ನಿದ್ದೆ ಹೇಗೂ ಬರಲ್ಲ." ಮೂರನೆಯದನ್ನು ಓದಿ ಎಣಿಸುವವರು ನಕ್ಕರು. ಆ ಅಜ್ಜ ನಿಜವಾಗಿಯೂ ಹದಿನಾಲ್ಕು ರಾತ್ರಿ ಹೋದರು.

ಸಮಯದ ಲೆಕ್ಕ ಇಟ್ಟುಕೊಳ್ಳಿ. ಒಬ್ಬೊಬ್ಬರಿಗೆ ಎಂಟು ಹತ್ತು ಸೆಕೆಂಡ್ ಅಂದರೂ ಒಂದು ಜೋಳಿಗೆ ನೂರು ಜನರನ್ನು ದಾಟಲು ಹದಿನೈದು ನಿಮಿಷ ಬೇಕು. ಅಷ್ಟು ಹೊತ್ತು ಒಂದೇ ಪದ ಎಳೆದರೆ ಜನ ಆಕಳಿಸುತ್ತಾರೆ. ಎರಡು ಜೋಳಿಗೆ, ಎರಡು ದಿಕ್ಕಿನಿಂದ, ಎಂಟು ನಿಮಿಷದ ಪದ. ಹಾಡು ಮುಗಿದು ಜೋಳಿಗೆ ಇನ್ನೂ ಮಧ್ಯದಲ್ಲಿದ್ದರೆ ಆ ಮೌನ ಬಹಳ ಕಷ್ಟ. ಪಲ್ಲವಿಗೆ ಮರಳಿ, ನಿಲ್ಲಿಸಬೇಡಿ.

ನಾವು ಮಾಡಿದ ದೊಡ್ಡ ತಪ್ಪನ್ನು ಇಲ್ಲೇ ಹೇಳಿಬಿಡುತ್ತೇನೆ. ಎರಡನೇ ವರ್ಷ, ಉತ್ಸಾಹದಲ್ಲಿ, ಯಾರು ಎಷ್ಟು ಕೊಟ್ಟರು ಅಂತ ಮೈಕಿನಲ್ಲಿ ಓದಿದೆವು. ನಾನೇ ಓದಿದ್ದು. ಎರಡು ಸಾವಿರ, ಸಾವಿರ, ಐನೂರು ಅಂತ ಇಳಿಯುತ್ತ ಬಂದು, ನಾಲ್ಕು ಮನೆ ಪಾತ್ರೆ ತೊಳೆಯುವ ಒಬ್ಬ ತಾಯಿಯ ಹೆಸರಿನ ಮುಂದೆ 'ಇಪ್ಪತ್ತು' ಅಂದೆ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನೆಲ ನೋಡಿದರು. ಆ ದಿನದ ನಂತರ ಆಕೆ ನಮ್ಮ ಭಜನೆಗೆ ಬರಲಿಲ್ಲ. ಮದುವೆಯ ಮುಯ್ಯಿಗೆ ಪಟ್ಟಿ ಬೇಕು, ಅದನ್ನು ತಿರುಗಿ ಹಾಕಬೇಕಲ್ಲ. ಇದಕ್ಕೆ ಪಟ್ಟಿ ಬೇಡ.

8. ತಿಂಡಿ

ಒಗ್ಗರಣೆ ಮಂಡಕ್ಕಿ, ಒಂದೊಂದು ಮೆಣಸಿನಕಾಯಿ ಬಜ್ಜಿ, ಅರ್ಧ ಲೋಟ ಚಹಾ. ನೂರು ಜನರ ಚಹಾಕ್ಕೆ ಐದು ಲೀಟರ್ ಹಾಲು, ಅಷ್ಟೇ ನೀರು ಸಾಕು. ತಿಂಡಿಯನ್ನು ಬೀದಿಯವರೇ ಮಾಡಲಿ, ಜೋಳಿಗೆ ದುಡ್ಡಿನಿಂದ ಒಂದು ರೂಪಾಯಿಯೂ ಬೇಡ. ಹೋಳಿಗೆ ಊಟ ಹಾಕಿಸಿದರೆ "ಇಷ್ಟು ಖರ್ಚು ಮಾಡೋರಿಗೆ ನಮ್ಮ ಇಪ್ಪತ್ತು ಯಾಕೆ" ಅನ್ನಿಸುತ್ತದೆ, ಅಲ್ವಾ?

9. ಎಣಿಕೆ ಅದೇ ರಾತ್ರಿ

ದುಡ್ಡಿರುವ ಜೋಳಿಗೆ ಯಾರ ಮನೆಗೂ ಹೋಗಬಾರದು. ಮಂಗಳ ಮುಗಿದ ತಕ್ಷಣ, ಅದೇ ಜಮಖಾನೆಯ ಮೇಲೆ, ನಿಂತು ನೋಡಬೇಕೆಂದವರೆಲ್ಲರ ಎದುರು ಸುರಿಯಿರಿ. ನೋಟುಗಳನ್ನು ಬೇರೆ ಬೇರೆ ಮಾಡಿ, 500 ಇಷ್ಟು, 100 ಇಷ್ಟು, 10 ಇಷ್ಟು ಅಂತ ಸಾಲು ಸಾಲಾಗಿ ಬರೆಯಿರಿ. ಯುಪಿಐ ಮೊತ್ತ ಬೇರೆ ಸಾಲು. ಕೆಳಗೆ ಮೂವರ ಸಹಿ. ಒಟ್ಟು ಮೊತ್ತವನ್ನು ಒಂದೇ ಸಲ ಗಟ್ಟಿಯಾಗಿ ಹೇಳಿ.

ಹತ್ತು ರೂಪಾಯಿ ನಾಣ್ಯ ಬರುತ್ತವೆ. ಅವು ನಡೆಯುತ್ತವೆ, ರಿಸರ್ವ್ ಬ್ಯಾಂಕ್ ಎಷ್ಟೋ ಸಲ ಹೇಳಿದೆ. ನಮ್ಮೂರಿನ ಅಂಗಡಿಯವರು ಮಾತ್ರ ಇನ್ನೂ ಕೇಳಿಸಿಕೊಂಡಿಲ್ಲ. ನಾವು ಅವನ್ನು ನೇರ ಬ್ಯಾಂಕಿಗೆ ಕಟ್ಟುತ್ತೇವೆ. ಹರಿದ ನೋಟೂ ಅಲ್ಲಿಗೇ.

ನಾಲ್ಕು ದಿನದೊಳಗೆ ಬಿಲ್ಲು ಕಟ್ಟಿ, ರಸೀದಿಯಲ್ಲಿ ರೋಗಿಯ ಹೆಸರು, ಕಾಯಿಲೆ ಮುಚ್ಚಿ, ಮೊತ್ತ ಮಾತ್ರ ಕಾಣುವ ಹಾಗೆ ಬೀದಿಯ ಗುಂಪಿಗೆ ಹಾಕಿ. ದುಡ್ಡು ಕೊಡುವಾಗ ಫೋಟೋ ಬೇಡ. ಯಾರಾದರೂ ಫೋನ್ ಎತ್ತಿದರೆ ನಯವಾಗಿ ಕೈ ಅಡ್ಡ ಹಿಡಿಯಿರಿ.

ದಾರಿ ತಪ್ಪುತ್ತಿದೆ ಅನ್ನುವ ಗುರುತುಗಳು

ಕೊರತೆಗಿಂತ ಹೆಚ್ಚು ದುಡ್ಡು ಬಂದು, ಮೂರು ದಿನವಾದರೂ ಏನು ಮಾಡುವುದು ಅಂತ ಗೊತ್ತಾಗದಿದ್ದರೆ ಎಚ್ಚರ. ಮಿಕ್ಕಿದ್ದು ಮುಂದಿನ ಮನೆಗೆ ಅಂತ ಹಾಳೆಯಲ್ಲಿ ಮೊದಲೇ ಬರೆದಿರಬೇಕು.

ಯಾರೋ ಒಬ್ಬರು "ಪೂರ್ತಿ ನಾನೇ ಕೊಡ್ತೀನಿ, ಸ್ವಲ್ಪ ನನ್ನ ಹೆಸರು ಹಾಕಿ" ಅಂದರೆ, ಹೆಸರಿಲ್ಲದೆ ಕೊಡುವುದಾದರೆ ತಗೊಳ್ಳಿ, ಇಲ್ಲವಾದರೆ ನೇರ ಆಸ್ಪತ್ರೆಗೆ ಕಟ್ಟಲು ಹೇಳಿ.

ಸಾಮಾನು ಬಂದು ಬೀಳಲು ಶುರುವಾದರೆ ತಕ್ಷಣ ತಡೆಯಿರಿ. 2019ರ ಆಗಸ್ಟಿನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ನೆರೆ ಬಂದಾಗ ನಾವೂ ಒಂದು ಗಾಡಿ ತುಂಬಿದೆವು. ಅರ್ಧ ಗಾಡಿ ಹಳೇ ಬಟ್ಟೆ, ಗುಂಡಿ ಕಿತ್ತ ಅಂಗಿಗಳು, ಮದುವೆಯಲ್ಲಿ ಬಂದ ಯಾರೂ ಉಡದ ಸೀರೆ. ಅಲ್ಲಿಯವರು ಕೇಳಿದ್ದು ಚಾಪೆ, ಒಳಬಟ್ಟೆ, ಪ್ಯಾಡ್, ಬಕೆಟ್. ಆವತ್ತಿನಿಂದ ಏನು ಬೇಕು ಅಂತ ಫೋನಿನಲ್ಲಿ ಕೇಳಿ ಬರೆದುಕೊಳ್ಳದೆ ಒಂದು ಚೀಲವನ್ನೂ ಕಟ್ಟುವುದಿಲ್ಲ.

ಸಹಾಯ ಪಡೆದ ಮನೆಯವರು ಬೀದಿಯಲ್ಲಿ ತಲೆ ತಗ್ಗಿಸಿ ಓಡಾಡುತ್ತಿದ್ದರೆ, ಎಲ್ಲೋ ನಾವು ಜಾಸ್ತಿ ಮಾತಾಡಿದ್ದೇವೆ. ಮುಂದಿನ ಸಲ ಅವರ ಹತ್ತಿರ ಹೋಗಿ ಏನಾದರೂ ಕೇಳಿ. ಜಮಖಾನೆ, ಒಂದು ಹಾಡು, ಚಹಾ ಕುದಿಸುವ ಕೆಲಸ, ಏನಾದರೂ.

10. ತಿಂಗಳಿಗೊಮ್ಮೆ, ಕಷ್ಟ ಇಲ್ಲದಿದ್ದರೂ

ಅನಾಹುತ ಆದಾಗ ಮಾತ್ರ ಸೇರಿದರೆ ಮೂರನೇ ಸಲಕ್ಕೆ ಜನ ಹಾರ್ಮೋನಿಯಂ ಸದ್ದಿಗೇ ಬಾಗಿಲು ಹಾಕುತ್ತಾರೆ. ತಿಂಗಳಿಗೆ ಒಂದು ಸಂಜೆ ಸುಮ್ನೆ ಹಾಡಿ. ನಮ್ಮದು ಹುಣ್ಣಿಮೆ. ಕೆಲವು ಹುಣ್ಣಿಮೆಗೆ ಹನ್ನೆರಡೇ ಜನ ಇರುತ್ತಾರೆ, ಪರವಾಗಿಲ್ಲ. ಆವತ್ತು ಜೋಳಿಗೆ ಹೊರಗೆ ಬರುವುದಿಲ್ಲ. ಹಿಂದಿನ ಸಲದ ಲೆಕ್ಕ ಬಾಕಿ ಇದ್ದರೆ ಅದನ್ನು ಓದಿ, ಕೆಲಸದ ಚೀಟಿ ಬರೆದವರಿಗೆ ಇನ್ನೂ ಆಗುತ್ತಿದೆಯಾ ಕೇಳಿ. ಆಗದಿದ್ದರೆ ಬೇರೆಯವರಿಗೆ ದಾಟಿಸಿ. ಎರಡು ವಾರ ಬುತ್ತಿ ಕೊಟ್ಟು ಸುಸ್ತಾದವರು ಬಾಯಿಬಿಟ್ಟು ಹೇಳುವುದಿಲ್ಲ, ನೀವೇ ಕೇಳಬೇಕು.

ಕೆಲಸ ಮುಗಿದ ಮೇಲೆ ಜೋಳಿಗೆ ಒಗೆದು, ಒಳಗು ಹೊರಗು ಮಾಡಿ ಬಿಸಿಲಿಗೆ ಹಾಕಿ. ನಮ್ಮದರ ಹೊಲಿಗೆಯಲ್ಲಿ ಪ್ರತಿಸಲ ಒಂದೆರಡು ರೂಪಾಯಿ ನಾಣ್ಯ ಸಿಕ್ಕಿಕೊಂಡಿರುತ್ತವೆ, ಅದನ್ನೂ ಪುಸ್ತಕದಲ್ಲಿ ಬರೆಯಿರಿ. ಒಣಗಿದ ಮೇಲೆ ಮಡಚಿ, ಈ ಸಲ ಅದನ್ನು ಇಟ್ಟುಕೊಂಡಿದ್ದ ಮನೆ ಬಿಟ್ಟು ಬೇರೆ ಮನೆಗೆ ಇಟ್ಟುಕೊಳ್ಳಲು ಕೊಡಿ.